ಸಭೆಯಲ್ಲಿ ಸುಮ್ಮನೆ ಕುಳಿತವರನ್ನೂ ಓದಬೇಕು

ಸಂಪಾದಕರಿಗೆ,

ಮಾನ್ಯರೇ,

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿ ತರಗತಿಗಳಿಗೆ ಕನ್ನಡ ಸಾಹಿತ್ಯ ಪಾಠ ಹೇಳಿ ನಿವೃತ್ತನಾದ ಅಧ್ಯಾಪಕ ನಾನು. ನಾವು ಚರಿತ್ರೆಯನ್ನೂ ಸಾಹಿತ್ಯವನ್ನೂ ಓದುವ ಮತ್ತು ಓದಿಸುವ ಕ್ರಮದಲ್ಲಿ ಬಹುಕಾಲದಿಂದ ಉಳಿದುಕೊಂಡು ಬಂದಿರುವ ಒಂದು ಕೊರತೆಯನ್ನು ತಮ್ಮ ಓದುಗರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ದೀರ್ಘವಾಗಿದೆ. ಆದರೆ ಮೊಟಕುಗೊಳಿಸಿದರೆ ಹೇಳಬೇಕಾದುದು ಅರ್ಧಕ್ಕೇ ನಿಲ್ಲುತ್ತದೆಂಬ ಕಾರಣಕ್ಕೆ ಹಾಗೆಯೇ ಕಳಿಸಿದ್ದೇನೆ.

ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರುವ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ದ್ರೌಪದಿಯ ಪಾತ್ರಚಿತ್ರಣ ಮಾಡಿ, ದುರ್ಯೋಧನನ ಛಲವನ್ನು ವಿವರಿಸಿ, ಬಸವಣ್ಣ ಮತ್ತು ಬಿಜ್ಜಳರ ನಡುವಿನ ಸಂಘರ್ಷದ ಕಾರಣಗಳನ್ನು ಬರೆಯಿರಿ. ಎಲ್ಲವೂ ಇಬ್ಬರ ನಡುವಿನ ಜಗಳ, ಒಬ್ಬರ ಗುಣ, ಇನ್ನೊಬ್ಬರ ದೋಷ. ಆ ಇಬ್ಬರ ಸುತ್ತ ನಿಂತಿದ್ದ ನೂರಾರು ಜನ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ನಾನು ಒಂದು ವರ್ಷವೂ ಕೇಳಲಿಲ್ಲ. ನನ್ನ ಗುರುಗಳು ನನಗೆ ಕೇಳಿರಲಿಲ್ಲ, ನಾನು ನನ್ನ ವಿದ್ಯಾರ್ಥಿಗಳಿಗೆ ಕೇಳಲಿಲ್ಲ. ಕೇಳಿದ್ದು ಒಬ್ಬ ವಿದ್ಯಾರ್ಥಿನಿ. ಗದುಗಿನ ಭಾರತದ ಸಭಾಪರ್ವದ ಪಾಠ ನಡೆಯುತ್ತಿತ್ತು. ದ್ರೌಪದಿಯನ್ನು ಸಭೆಗೆ ಎಳೆತಂದ ಭಾಗವನ್ನು ಓದಿ ಮುಗಿಸಿ, ಭೀಷ್ಮ ದ್ರೋಣರ ಧರ್ಮಸಂಕಟದ ಬಗ್ಗೆ ನಾನು ರೂಢಿಯ ನಾಲ್ಕು ಮಾತು ಹೇಳಿದಾಗ ಹಿಂದಿನ ಬೆಂಚಿನಿಂದ ಎದ್ದು ನಿಂತು ಅವಳು ಕೇಳಿದಳು: 'ಸರ್, ಆ ಸಭೆಯಲ್ಲಿ ಕೂತಿದ್ದವರೆಲ್ಲ ಆ ರಾತ್ರಿ ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಏನಂತ ಹೇಳಿರಬಹುದು?' ತರಗತಿ ನಗಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಗಂಟೆ ಹೊಡೆಯಿತು, ನಾನು ಪುಸ್ತಕ ಮಡಚಿಕೊಂಡು ಹೊರಬಂದೆ. ಆ ಪ್ರಶ್ನೆ ಮಾತ್ರ ಅಂದಿನಿಂದ ನನ್ನ ಜೊತೆಯಲ್ಲಿಯೇ ಇದೆ.

ಆಮೇಲೆ ಮೂಲ ಭಾರತದ ಆ ಭಾಗವನ್ನು ಹೊಸದಾಗಿ ಓದಿದೆ. ದ್ರೌಪದಿ ಕೇಳಿದ್ದು ಕರುಣೆಯನ್ನಲ್ಲ, ಒಂದು ನೇರವಾದ ನ್ಯಾಯದ ಪ್ರಶ್ನೆಯನ್ನು: ಧರ್ಮರಾಜ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಅಧಿಕಾರವುಂಟೋ? ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮ ಉತ್ತರವನ್ನು ತೇಲಿಸಿಬಿಡುತ್ತಾನೆ. ವಿದುರ ಎಚ್ಚರಿಸುತ್ತಾನೆ, ಅವನ ಮಾತಿಗೆ ಅಲ್ಲಿ ಬೆಲೆಯಿಲ್ಲ. ಆಗ ಎದ್ದು ನಿಲ್ಲುವವನು ಪಾಂಡವರ ಪಕ್ಷದವನಲ್ಲ, ಧೃತರಾಷ್ಟ್ರನ ಮಗನೇ ಆದ ವಿಕರ್ಣ. ದ್ರೌಪದಿಯನ್ನು ಗೆದ್ದಂತಾಗಿಲ್ಲ ಎಂದು ಅವನು ಕಾರಣಸಹಿತವಾಗಿ ವಾದಿಸುತ್ತಾನೆ. ಇಲ್ಲಿ ವ್ಯಾಸರು ಒಂದು ಸಂಗತಿಯನ್ನು ಹೇಳುತ್ತಾರೆ, ಅದನ್ನು ನಾನು ಅಷ್ಟು ವರ್ಷ ಗಮನಿಸದೆ ದಾಟಿ ಹೋಗಿದ್ದೆ. ವಿಕರ್ಣನ ಮಾತು ಮುಗಿದೊಡನೆ ಸಭೆಯಲ್ಲಿ ದೊಡ್ಡ ಗದ್ದಲವೇಳುತ್ತದೆ, ಜನ ಅವನನ್ನು ಹೊಗಳಿ ಶಕುನಿಯನ್ನು ಬಯ್ಯುತ್ತಾರೆ. ಎಂದರೆ ಸಭೆಯಲ್ಲಿದ್ದವರಿಗೆ ಯಾವುದು ಸರಿ ಎಂಬುದು ಗೊತ್ತಿತ್ತು. ಒಬ್ಬ ಬಾಯಿ ತೆರೆಯುವ ತನಕ ಅವರೆಲ್ಲ ಕಾಯುತ್ತಿದ್ದರು. ಕರ್ಣ ಎದ್ದು ವಿಕರ್ಣನನ್ನು ತಿಳಿಗೇಡಿ ಹುಡುಗನೆಂದು ಗದರಿಸಿದ ಮೇಲೆ ಆ ಗದ್ದಲ ಅಡಗಿಹೋಯಿತು. ಎರಡನೆಯವನೊಬ್ಬ ಆ ಗಳಿಗೆಯಲ್ಲಿ ಎದ್ದಿದ್ದರೆ ಏನಾಗುತ್ತಿತ್ತೋ. ಮುಂದೆ ಯುದ್ಧದಲ್ಲಿ ವಿಕರ್ಣನನ್ನು ಕೊಂದ ಭೀಮ ಅವನಿಗಾಗಿ ಮರುಗುತ್ತಾನೆ. ಧೃತರಾಷ್ಟ್ರನ ಮಕ್ಕಳಲ್ಲಿ ಭೀಮನಿಂದ ಅಂಥ ಮರುಕ ಪಡೆದವನನ್ನು ಬೇರೆ ನಾನು ಕಾಣೆ.

ಸಾಮಾಜಿಕ ಒತ್ತಡ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಮೇಲಿನಿಂದ ಬಂದೆರಗುವ ವಸ್ತುವಲ್ಲ, ಅಕ್ಕಪಕ್ಕದಲ್ಲಿ ಕುಳಿತವರ ಮೌನದಿಂದಲೇ ಅದು ಹುಟ್ಟುತ್ತದೆ ಎಂಬುದು ಈ ಪ್ರಸಂಗದಿಂದ ನನಗೆ ತಿಳಿದದ್ದು. ನಾವು ದಿನವೂ ಹೇಳುವ 'ನಾಲ್ಕು ಜನ ಏನಂದಾರು' ಎಂಬ ಮಾತಿನಲ್ಲಿ ಆ ನಾಲ್ಕು ಜನ ಯಾರು ಎಂದು ಹುಡುಕುತ್ತ ಹೊರಟರೆ ಹೆಸರು ಹಿಡಿದು ಹೇಳಬಹುದಾದ ಒಬ್ಬರೂ ಸಿಕ್ಕುವುದಿಲ್ಲ. ಪ್ರತಿಯೊಬ್ಬರೂ ಉಳಿದ ಮೂವರ ಕಡೆ ಕೈ ತೋರುತ್ತಾರೆ. ಕೈ ತೋರಿದವರ ಪಾಲಿಗೆ ನಾವೂ ಆ ನಾಲ್ವರಲ್ಲಿ ಒಬ್ಬರು.

ಉತ್ತರಕಾಂಡದ ರಾಮನ ಪ್ರಸಂಗದಲ್ಲಿಯೂ ಇದೇ ಇದೆ, ಇನ್ನೂ ನೋವಿನ ರೂಪದಲ್ಲಿ. ಭದ್ರನೆಂಬವನು ಜನರ ಮಾತನ್ನು ತಂದು ಅರಸನಿಗೆ ಒಪ್ಪಿಸುತ್ತಾನೆ. ರಾಮ ತಮ್ಮಂದಿರನ್ನು ಕರೆಸಿ, ಸೀತೆ ಶುದ್ಧಳೆಂದು ತನ್ನ ಅಂತರಾತ್ಮಕ್ಕೆ ಗೊತ್ತೆಂದು ತಾನೇ ಬಾಯಿಬಿಟ್ಟು ಹೇಳಿ, ಆದರೂ ಅಪವಾದ ಸಹಿಸಲಾರೆನೆಂದು ಅವಳನ್ನು ಕಾಡಿಗೆ ಬಿಟ್ಟುಬರುವಂತೆ ಲಕ್ಷ್ಮಣನಿಗೆ ಆಜ್ಞೆ ಮಾಡುತ್ತಾನೆ. ಎದುರು ಮಾತನಾಡಬಾರದೆಂದೂ ಮೊದಲೇ ಕಟ್ಟು ಹಾಕುತ್ತಾನೆ. ರಾಮನದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾವು ಸಾವಿರ ಸಲ ಮಾಡಿದ್ದೇವೆ. ಬೀದಿಯಲ್ಲಿ ಆ ಮಾತನ್ನಾಡಿದ ಪ್ರಜೆಗಳ ಬಗ್ಗೆ ಯಾರೂ ಚರ್ಚಿಸುವುದಿಲ್ಲ. ಅವರಲ್ಲಿ ಒಬ್ಬನಿಗಾದರೂ ತನ್ನ ಹಗುರ ಮಾತಿನಿಂದ ತುಂಬು ಬಸುರಿಯೊಬ್ಬಳು ಕಾಡು ಸೇರಿದಳೆಂಬುದು ತಿಳಿಯಿತೋ ಇಲ್ಲವೋ. ನಮ್ಮ ಲಕ್ಷ್ಮೀಶ ಕವಿ ಜೈಮಿನಿ ಭಾರತದಲ್ಲಿ ಈ ಸನ್ನಿವೇಶಕ್ಕೆ ಬಂದಾಗ ಕಾಡಿನ ಮೃಗಪಕ್ಷಿಗಳು ಸೀತೆಯ ಅಳಲಿಗೆ ಮರುಗಿದ್ದನ್ನು ವರ್ಣಿಸುತ್ತಾನೆ. ಅದನ್ನು ಕರುಣರಸದ ವರ್ಣನೆಯೆಂದು ಪಾಠ ಮಾಡಿ ಮುಗಿಸುತ್ತಿದ್ದೆ. ಊರಿನವರು ಮಾಡದೆ ಬಿಟ್ಟದ್ದನ್ನು ಕಾಡಿನ ಪ್ರಾಣಿಗಳು ಮಾಡಿದವು ಎಂಬುದು ಈಗ ಎದ್ದು ಕಾಣುತ್ತದೆ.

ಒತ್ತಡ ಯಾವಾಗಲೂ ದ್ವೇಷದ ಮುಖ ಹೊತ್ತು ಬರುವುದಿಲ್ಲ ಎಂಬುದನ್ನು 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆಯಷ್ಟು ನಿಚ್ಚಳವಾಗಿ ತೋರಿಸುವ ಕೃತಿ ಕನ್ನಡದಲ್ಲಿ ಕಡಿಮೆ. ದುಃಸ್ವಪ್ನದ ಪರಿಹಾರಕ್ಕೆ ದೇವಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರ ಒಪ್ಪುವುದಿಲ್ಲ, ಜೀವಹಿಂಸೆ ಪಾಪವೆಂದು ಅವನಿಗೆ ಚೆನ್ನಾಗಿ ಗೊತ್ತು. ತಾಯಿ ಬಿಡುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನಾದರೂ ಕಡಿ ಎಂಬ ನಡುದಾರಿಗೆ ಇಬ್ಬರೂ ಬರುತ್ತಾರೆ. ತಾಯಿಯ ಮನಸ್ಸೂ ನೋಯದು, ತನ್ನ ವ್ರತವೂ ಕೆಡದು ಎಂಬ ಲೆಕ್ಕ. ಕತ್ತಿ ಬಿದ್ದ ಕ್ಷಣದಲ್ಲಿ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಕೂಗಿನ ಬೆನ್ನಿಗೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಪರರ ಕೈಯಲ್ಲಿ ಸಾಯುತ್ತ ಹೋಗುತ್ತಾರೆ. ಸಂಕಲ್ಪಹಿಂಸೆಯ, ಎಂದರೆ ಮನಸ್ಸಿನಲ್ಲಿಯೇ ಮಾಡಿದ ಹಿಂಸೆಯ, ಫಲವನ್ನು ಹೇಳುವ ಜೈನಕಾವ್ಯವೆಂದು ಇದನ್ನು ವಿವರಿಸುವುದು ಸರಿಯೇ. ಆದರೆ ನನಗೆ ಇದು ಪ್ರೀತಿಯ ಒತ್ತಾಯಕ್ಕೆ ಮಣಿದ ಒಬ್ಬ ತಿಳಿದ ಮನುಷ್ಯನ ಕಥೆಯೂ ಹೌದು. ವೈರಿ ಹೆದರಿಸಿದ್ದರೆ ಯಶೋಧರ ಮಣಿಯುತ್ತಿರಲಿಲ್ಲ. ಹೆತ್ತವಳು ಕಣ್ಣೀರು ಹಾಕಿದಾಗ ಮಣಿದ. ಮನಸ್ಸಿಗೆ ಒಪ್ಪದ್ದಕ್ಕೆ 'ಆಯ್ತಮ್ಮ' ಎಂದು ತಲೆ ಆಡಿಸಿದ ಪ್ರತಿಯೊಬ್ಬರೂ, ಮದುವೆಯ ಮಾತುಕತೆಯಲ್ಲಿರಲಿ, ಆಸ್ತಿಯ ಪಾಲಿನಲ್ಲಿರಲಿ, ಆ ಹಿಟ್ಟಿನ ಕೋಳಿಯನ್ನು ತಮ್ಮ ಕೈಯಲ್ಲಿ ಹಿಡಿದೇ ಇದ್ದಾರೆ.

ಚರಿತ್ರೆಯ ಕಡೆಗೆ ಬಂದರೆ ಕಲ್ಯಾಣದ ಪ್ರಕರಣವನ್ನು ಬಿಟ್ಟು ಮುಂದೆ ಹೋಗಲಾಗದು. ಪರಂಪರೆ ಉಳಿಸಿಕೊಂಡು ಬಂದ ಕಥನದ ಪ್ರಕಾರ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿ ಹುಟ್ಟಿದ್ದ ಮಧುವರಸರ ಮಗಳಿಗೂ ಮದುವೆಯಾಯಿತು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಎರಡೂ ಕಡೆಯ ತಂದೆತಾಯಿಗಳು ಒಪ್ಪಿದ್ದರು. ಮದುವೆಗೆ ಸಂಬಂಧಪಟ್ಟ ಯಾರೊಬ್ಬರೂ ದೂರು ಕೊಡಲಿಲ್ಲ. ದೂರು ಬಂದದ್ದು ಸಂಬಂಧವೇ ಇಲ್ಲದವರಿಂದ. ವರ್ಣಸಂಕರವಾಯಿತೆಂದು ಅರಸನ ಮೇಲೆ ಒತ್ತಡ ಬಂತು, ಬಿಜ್ಜಳ ಹರಳಯ್ಯ ಮಧುವರಸರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ವಿಧಿಸಿದ. ಸುಮಾರು 1167-68ರ ಹೊತ್ತಿಗೆ ಬಿಜ್ಜಳನ ಕೊಲೆಯಾಗಿ, ಶರಣರು ದಿಕ್ಕುಪಾಲಾದರು. ಈ ಘಟನೆಯನ್ನು ನಮ್ಮ ನಾಟಕಕಾರರು ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. ಲಂಕೇಶರ 'ಸಂಕ್ರಾಂತಿ' 1971ರಲ್ಲಿ, ಕಾರ್ನಾಡರ 'ತಲೆದಂಡ' 1990ರಲ್ಲಿ ಬಂದವು. ನನಗನ್ನಿಸುವಂತೆ ಇದಕ್ಕೆ ಕಾರಣ ಬಸವಣ್ಣ ಬಿಜ್ಜಳರ ವ್ಯಕ್ತಿತ್ವದ ದೊಡ್ಡತನವಷ್ಟೇ ಅಲ್ಲ. ಒಂದು ಮನೆಯ ಮದುವೆ ಒಂದು ಪಟ್ಟಣವನ್ನೇ ಹೇಗೆ ಸುಟ್ಟಿತು ಎಂಬುದು ಎಂಟು ನೂರು ವರ್ಷ ಕಳೆದರೂ ನಮಗೆ ಬಗೆಹರಿಯದ ಒಗಟಾಗಿ ಉಳಿದಿರುವುದು ದೊಡ್ಡ ಕಾರಣ. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ, ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಎಂದು ಅಕ್ಕಮಹಾದೇವಿ ಕೇಳಿದ್ದು ಮಾತುಗಳ ಏಟು ತಿನ್ನುವವರಿಗೆ ಧೈರ್ಯ ಹೇಳಲು. ಸಂತೆಯಲ್ಲಿ ಶಬ್ದ ಮಾಡುವವರಿಗೆ ಹೇಳಬೇಕಾದ ಬುದ್ಧಿಯನ್ನು ನಾವು ಇನ್ನೂ ಸರಿಯಾಗಿ ಬರೆದಿಲ್ಲ.

ಇದು ನಮ್ಮೊಬ್ಬರ ಚರಿತ್ರೆಯ ದೋಷವೆಂದು ತಿಳಿಯಬೇಕಾಗಿಲ್ಲ. 1692ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸೇಲಂನಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ಹತ್ತೊಂಬತ್ತು ಜನರನ್ನು ನೇಣಿಗೇರಿಸಿದರು. ಆರೋಪಕ್ಕೆ ಉತ್ತರ ಕೊಡಲು ಒಪ್ಪದ ಗೈಲ್ಸ್ ಕೋರಿ ಎಂಬ ವೃದ್ಧನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಈ ಪ್ರಕರಣದಲ್ಲಿ ರೆಬೆಕ್ಕಾ ನರ್ಸ್ ಎಂಬ ಎಪ್ಪತ್ತು ದಾಟಿದ ಅಜ್ಜಿಯ ವಿಚಾರಣೆಯನ್ನು ಸ್ವಲ್ಪ ನಿಂತು ನೋಡಬೇಕು. ಆಕೆ ದೈವಭಕ್ತೆ, ಕಿವಿ ಮಂದ. ಮೂವತ್ತೊಂಬತ್ತು ಜನ ನೆರೆಹೊರೆಯವರು ಆಕೆಯ ನಡತೆಯ ಬಗ್ಗೆ ಸಹಿ ಹಾಕಿ ಮನವಿ ಕೊಟ್ಟಿದ್ದರು, ಆ ದಿನಗಳಲ್ಲಿ ಅದು ಪ್ರಾಣವನ್ನೇ ಪಣಕ್ಕಿಟ್ಟಂಥ ಕೆಲಸ. ಪಂಚರು ಆಕೆ ನಿರಪರಾಧಿ ಎಂದೇ ತೀರ್ಪು ಹೇಳಿದರು. ಒಡನೆಯೇ ಆರೋಪ ಹೊರಿಸಿದ್ದ ಹುಡುಗಿಯರು ನ್ಯಾಯಾಲಯದಲ್ಲಿ ಕಿರುಚಾಡಿ ಕೋಲಾಹಲವೆಬ್ಬಿಸಿದರು. ಮುಖ್ಯ ನ್ಯಾಯಾಧೀಶ ಮತ್ತೊಮ್ಮೆ ಯೋಚಿಸಿ ನೋಡಿ ಎಂದು ಪಂಚರನ್ನು ಕಳಿಸಿದ. ಆಕೆಯ ಒಂದು ಮಾತಿಗೆ ವಿವರಣೆ ಕೇಳಿದಾಗ ಕಿವಿ ಮಂದವಾಗಿದ್ದ ಅಜ್ಜಿ ಉತ್ತರಿಸಲಿಲ್ಲ, ಅದನ್ನೇ ತಪ್ಪೊಪ್ಪಿಗೆಯಾಗಿ ಎಣಿಸಿದರು. ತೀರ್ಪು ತಿರುಗಿತು. ಜುಲೈ 19ರಂದು ಆಕೆಯನ್ನು ಗಲ್ಲಿಗೇರಿಸಿದರು. ಈ ಇಡೀ ಪ್ರಕರಣದಲ್ಲಿ ಎದೆ ನಡುಗಿಸುವ ಸಂಗತಿ ಇನ್ನೊಂದಿದೆ: ತಾನು ಮಾಟಗಾತಿಯೆಂದು ಸುಳ್ಳೇ ಒಪ್ಪಿಕೊಂಡವರು ಬದುಕಿ ಉಳಿದರು, ಅಲ್ಲವೆಂದು ಸತ್ಯ ಹೇಳಿದವರು ನೇಣಿಗೆ ಹೋದರು. ಒಪ್ಪಿಕೊಂಡವರು ಸಾಮಾನ್ಯವಾಗಿ ಇನ್ನೊಬ್ಬರ ಹೆಸರನ್ನೂ ಹೇಳಬೇಕಾಗುತ್ತಿತ್ತು. ಹೀಗೆ ಒಂದು ಸುಳ್ಳು ಹತ್ತು ಸುಳ್ಳನ್ನು ಹೆತ್ತಿತು.

ಐದು ವರ್ಷದ ಬಳಿಕ, 1697ರ ಜನವರಿ 14ರಂದು, ಆ ನ್ಯಾಯಪೀಠದಲ್ಲಿ ಕುಳಿತಿದ್ದ ಸ್ಯಾಮ್ಯುಯೆಲ್ ಸ್ಯೂವಲ್ ಎಂಬ ನ್ಯಾಯಾಧೀಶ ಬಾಸ್ಟನ್ನಿನ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತ. ಅವನು ಬರೆದುಕೊಟ್ಟಿದ್ದ ತಪ್ಪೊಪ್ಪಿಗೆಯನ್ನು ಪಾದ್ರಿ ಓದಿದರು, ಓದಿ ಮುಗಿಯುವವರೆಗೂ ಅವನು ನಿಂತೇ ಇದ್ದ. ಹನ್ನೆರಡು ಜನ ಪಂಚರೂ ಕ್ಷಮೆ ಕೋರಿ ಸಹಿ ಹಾಕಿದರು. ಹನ್ನೆರಡನೆಯ ವಯಸ್ಸಿನಲ್ಲಿ ಹಲವರ ಮೇಲೆ ಆರೋಪ ಹೊರಿಸಿದ್ದ ಆನ್ ಪಟ್ನಮ್ ಎಂಬ ಹುಡುಗಿ ದೊಡ್ಡವಳಾದ ಮೇಲೆ, 1706ರಲ್ಲಿ, ಅದೇ ರೀತಿ ತನ್ನ ಚರ್ಚಿನಲ್ಲಿ ಎದ್ದು ನಿಂತಳು. ಸತ್ತವರು ಬರಲಿಲ್ಲ, ನಿಜ. ಆದರೂ ಸಭೆಯಲ್ಲಿ ಕುಳಿತು ತಪ್ಪು ಮಾಡಿದವರು ಅದೇ ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಂಡ ಇಂಥ ಉದಾಹರಣೆಗಳನ್ನು ನಾವು ಮಕ್ಕಳಿಗೆ ಏಕೆ ಹೇಳುವುದಿಲ್ಲ? 1953ರಲ್ಲಿ ಆರ್ಥರ್ ಮಿಲ್ಲರ್ ಈ ವಸ್ತುವನ್ನು ನಾಟಕಕ್ಕೆ ತಂದಾಗ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿತ್ತು. ಮೂರು ವರ್ಷದ ತರುವಾಯ ಸಂಸತ್ತಿನ ಸಮಿತಿಯೊಂದು ಮಿಲ್ಲರ್ ಅವರನ್ನೇ ಕರೆಸಿ, ಗೆಳೆಯರ ಹೆಸರು ಹೇಳೆಂದು ಕೇಳಿತು. ಅವರು ಹೇಳಲಿಲ್ಲ.

ಪತ್ರಿಕೆಯ ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಡ್ರೈಫಸ್ ಪ್ರಕರಣವನ್ನು ಹೇಳದಿರುವುದು ಸಾಧ್ಯವಿಲ್ಲ. 1894ರಲ್ಲಿ ಫ್ರೆಂಚ್ ಸೇನೆಯ ಯಹೂದಿ ಅಧಿಕಾರಿ ಆಲ್ಫ್ರೆಡ್ ಡ್ರೈಫಸ್ ಮೇಲೆ ಗೂಢಚರ್ಯೆಯ ಸುಳ್ಳು ಆರೋಪ ಹೊರಿಸಿ, ಮರುವರ್ಷ ಸೈನಿಕರ ಸಾಲಿನೆದುರು ಅವನ ಪದವಿಯ ಗುರುತುಗಳನ್ನು ಕಿತ್ತು, ಖಡ್ಗ ಮುರಿದು, ದೂರದ ದ್ವೀಪಕ್ಕೆ ಅಟ್ಟಿದರು. ಹೊರಗೆ ನೆರೆದ ಜನ ಅವನಿಗೆ ಧಿಕ್ಕಾರ ಕೂಗುತ್ತಿದ್ದರು. ಆ ಜನರನ್ನು ತಿಂಗಳುಗಟ್ಟಲೆ ಕೆರಳಿಸಿದ್ದವು ಕೆಲವು ಪತ್ರಿಕೆಗಳೇ. ಹಾಗೆಯೇ, ನಿಜವಾದ ಅಪರಾಧಿ ಬೇರೆಯವನೆಂಬುದನ್ನು ಪಿಕಾರ್ ಎಂಬ ಸೇನಾಧಿಕಾರಿ ಪತ್ತೆ ಮಾಡಿ ಅದಕ್ಕಾಗಿ ಶಿಕ್ಷೆ ಅನುಭವಿಸಿದ ಮೇಲೆ, 1898ರ ಜನವರಿ 13ರಂದು ಕಾದಂಬರಿಕಾರ ಎಮಿಲ್ ಜೋಲಾ ಡ್ರೈಫಸ್ ಪರವಾಗಿ ರಾಷ್ಟ್ರಾಧ್ಯಕ್ಷರಿಗೆ ಬರೆದ ಬಹಿರಂಗ ಪತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿದ್ದೂ ಒಂದು ಪತ್ರಿಕೆಯೇ. ಜೋಲಾ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು, ಅವರು ಇಂಗ್ಲೆಂಡಿಗೆ ಹೋಗಿ ತಲೆಮರೆಸಿಕೊಳ್ಳಬೇಕಾಯಿತು. ಡ್ರೈಫಸ್ ಪೂರ್ಣವಾಗಿ ನಿರ್ದೋಷಿಯೆಂದು ಘೋಷಿತನಾದದ್ದು 1906ರಲ್ಲಿ, ಹನ್ನೆರಡು ವರ್ಷಗಳ ನಂತರ. ಜನರನ್ನು ಗುಂಪಾಗಿಸುವ ಶಕ್ತಿಯೂ, ಗುಂಪಿನಲ್ಲಿ ಒಬ್ಬನ ಮಾತನ್ನು ಕೇಳಿಸುವ ಶಕ್ತಿಯೂ ತಮ್ಮಂಥವರ ಕೈಯಲ್ಲಿ ಒಟ್ಟಿಗೇ ಇವೆ.

ಕಾನೂನು ಬದಲಾದರೆ ಒತ್ತಡವೂ ತೊಲಗುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಿಧವಾ ವಿವಾಹಕ್ಕೆ ಅವಕಾಶ ಕೊಡುವ ಕಾಯಿದೆ 1856ರಲ್ಲಿ ಬಂತು. ಈಶ್ವರಚಂದ್ರ ವಿದ್ಯಾಸಾಗರರ ಮನವಿಗೆ ಬಿದ್ದ ಸಹಿಗಳಿಗಿಂತ ಅದನ್ನು ವಿರೋಧಿಸಿದ ಮನವಿಗೆ ಬಿದ್ದ ಸಹಿಗಳು ಹಲವು ಪಟ್ಟು ಹೆಚ್ಚಾಗಿದ್ದರೂ ಕಾಯಿದೆ ಆಯಿತು. ಅದಾಗಿ ನಲವತ್ತಮೂರು ವರ್ಷದ ಬಳಿಕ, 1899ರಲ್ಲಿ, ಗುಲ್ವಾಡಿ ವೆಂಕಟರಾಯರು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ 'ಇಂದಿರಾಬಾಯಿ'ಯನ್ನು ಬರೆದಾಗ ಅದರ ವಸ್ತು ಮತ್ತೆ ಬಾಲವಿಧವೆಯ ಬದುಕು ಮತ್ತು ಮರುವಿವಾಹವೇ. ಕಾಯಿದೆ ಒಂದು ದಿನದಲ್ಲಿ ಮಾಡಿ ಮುಗಿಸಿದ್ದನ್ನು ಮನೆಯ ಹಜಾರದಲ್ಲಿ ಕುಳಿತ ಹಿರಿಯರು ಎರಡು ತಲೆಮಾರು ತಡೆದು ನಿಲ್ಲಿಸಿದ್ದರು. ಬಾಲವಿಧವೆಯೊಬ್ಬಳ ಬದುಕಿನ ಕಥೆಯಾದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದಾಗ ಎದ್ದ ವಿವಾದವೆಲ್ಲ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯ ಮತ್ತು ಆಚಾರಗಳನ್ನೆಲ್ಲ ಮುರಿದ ನಾರಣಪ್ಪರ ಸುತ್ತ ತಿರುಗಿತು. ನಾನು ಆ ಕಾದಂಬರಿಯನ್ನು ಈಗ ಅಗ್ರಹಾರದ ಉಳಿದ ಬ್ರಾಹ್ಮಣರಿಗಾಗಿ ಓದುತ್ತೇನೆ. ನಾರಣಪ್ಪ ಬದುಕಿದ್ದಾಗ ಅವನಿಗೆ ಬಹಿಷ್ಕಾರ ಹಾಕಲು ಅವರಿಗೆ ಧೈರ್ಯವಿರಲಿಲ್ಲ, ಹಾಕಿದರೆ ಮುಸಲ್ಮಾನನಾಗಿ ಅಗ್ರಹಾರದಲ್ಲೇ ಉಳಿಯುತ್ತೇನೆಂದು ಅವನು ಹೆದರಿಸಿದ್ದ. ಸತ್ತ ಮೇಲೆ ಅವನ ಹೆಣ ಎತ್ತಲು ಒಬ್ಬರಿಗೂ ಮನಸ್ಸಿಲ್ಲ. ನಾರಣಪ್ಪನ ಜೊತೆಗೆ ಬಾಳಿದ್ದ ಚಂದ್ರಿ ಮೈಮೇಲಿನ ಚಿನ್ನವನ್ನು ಬಿಚ್ಚಿ ಆಚಾರ್ಯರ ಮುಂದಿಡುತ್ತಾಳೆ. ಆ ಚಿನ್ನದ ರಾಶಿ ಕಣ್ಣಿಗೆ ಬಿದ್ದ ಕ್ಷಣದಿಂದ ಅದೇ ಜನರಲ್ಲಿ ಒಬ್ಬೊಬ್ಬರಿಗೂ ಸಂಸ್ಕಾರ ಮಾಡುವ ಆಸೆ ಹುಟ್ಟುತ್ತದೆ. ಒಬ್ಬ ಮಾಡಿದರೆ ಚಿನ್ನ ಅವನ ಪಾಲಾಗುತ್ತದಲ್ಲ ಎಂಬ ಸಂಕಟ ಇನ್ನೊಬ್ಬನಿಗೆ. ಹೊರಗೆ ಧರ್ಮದ ಒತ್ತಡವೆಂದು ಕಂಡದ್ದರ ಒಳಗೆ ಏನೇನು ಸೇರಿರಬಹುದೆಂಬುದನ್ನು ಆ ಪ್ರಸಂಗ ತೋರಿಸುತ್ತದೆ. ಕೊನೆಗೆ ಆ ಹೆಣವನ್ನು ರಾತ್ರೋರಾತ್ರಿ ಸುಟ್ಟದ್ದು ಚಂದ್ರಿ, ಒಬ್ಬ ಮುಸಲ್ಮಾನನ ನೆರವಿನಿಂದ. ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುವ ಪ್ರಸಂಗವನ್ನೂ ಇದರ ಜೊತೆಗಿಟ್ಟು ಓದಬೇಕು. ನೋಡುತ್ತ ನಿಂತವರಿಗೆ ಈಜು ಬಾರದೆಂದಲ್ಲ. ಹುಡುಗ ಮುಟ್ಟಬಾರದವನೆಂದು ಯಾರೂ ನೀರಿಗಿಳಿಯಲಿಲ್ಲ. 1933ರ ಕಾದಂಬರಿ ಅದು. ಆ ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವಾಗ ಪ್ರತಿ ವರ್ಷವೂ ನನ್ನ ದನಿ ಕಟ್ಟುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಗುಂಪಿನ ಒತ್ತಡವೆಲ್ಲವೂ ಕೆಟ್ಟದ್ದೇ? ಅಲ್ಲ. ಬಾಯ್ಕಾಟ್ ಎಂಬ ಶಬ್ದ ಹುಟ್ಟಿದ್ದೇ 1880ರಲ್ಲಿ ಐರ್ಲೆಂಡಿನ ಬಡ ಗೇಣಿದಾರರು ಆ ಹೆಸರಿನ ಜಮೀನ್ದಾರಿ ಏಜೆಂಟನೊಡನೆ ಎಲ್ಲ ವ್ಯವಹಾರವನ್ನೂ ನಿಲ್ಲಿಸಿದಾಗ. ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರಿನಿಂದ ಒಂದು ವರ್ಷಕ್ಕೂ ಮೀರಿ ಕಪ್ಪುಜನರು ಬಸ್ಸುಗಳಲ್ಲಿದ್ದ ವರ್ಣಭೇದವನ್ನು ವಿರೋಧಿಸಿ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದರು. ಆದರೆ ಅದೇ ಬಹಿಷ್ಕಾರವನ್ನು ನಮ್ಮ ಹಳ್ಳಿಗಳಲ್ಲಿ ಕೂಲಿ, ನೀರು, ದಿನಸಿ ನಿಲ್ಲಿಸುವ ಆಯುಧವಾಗಿ ದಲಿತರ ಮೇಲೆ ಪ್ರಯೋಗಿಸಿದ್ದನ್ನು ಕಂಡ ಅಂಬೇಡ್ಕರರು, ಅದನ್ನು ಶಿಕ್ಷಾರ್ಹ ಅಪರಾಧವಾಗಿಸಬೇಕೆಂದು ದುಂಡುಮೇಜಿನ ಪರಿಷತ್ತಿನ ಕಾಲದಲ್ಲಿಯೇ ಒತ್ತಾಯಿಸಿದರು. ಕೆರೆಯ ನೀರಿನ ಹಕ್ಕಿಗಾಗಿ ನಡೆದ ಮಹಾಡ್ ಸತ್ಯಾಗ್ರಹದ ವರ್ಷವಾದ 1927ರಲ್ಲಿ ಅವರು ಆರಂಭಿಸಿದ ಪತ್ರಿಕೆಯ ಹೆಸರೇ 'ಬಹಿಷ್ಕೃತ ಭಾರತ'. ಉಣ್ಣಲು ಉಡಲು ಇನ್ನೊಬ್ಬರನ್ನು ಆಶ್ರಯಿಸಬೇಕಾದವನ ಮೇಲೆ ಬಾಗಿಲು ಮುಚ್ಚುವುದಕ್ಕೂ, ಬಾಗಿಲು ಮುಚ್ಚಿದವನ ಮನೆಗೆ ಇನ್ನು ದುಡಿಯಲು ಬರುವುದಿಲ್ಲವೆಂದು ಹೇಳುವುದಕ್ಕೂ ಅಂತರವಿದೆ. ಒತ್ತಡದ ನ್ಯಾಯ ಅನ್ಯಾಯವನ್ನು ತೂಗುವಾಗ ಅದು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂಬುದನ್ನು ಮೊದಲು ನೋಡಬೇಕು.

1951ರ ಸುಮಾರಿಗೆ ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ ನಡೆಸಿದ ಪ್ರಯೋಗವೊಂದು ಈ ಚರ್ಚೆಗೆ ಬಹಳ ಉಪಯುಕ್ತ. ಕೆಲವು ಗೆರೆಗಳನ್ನು ತೋರಿಸಿ ಯಾವುದು ಯಾವುದಕ್ಕೆ ಸಮವೆಂದು ಕೇಳುವುದು, ಅಷ್ಟೇ. ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಡುವವರು. ಕಣ್ಣೆದುರಿಗೆ ನಿಚ್ಚಳವಾಗಿ ಕಾಣುವ ಗೆರೆಯ ವಿಷಯದಲ್ಲಿಯೂ ಪರೀಕ್ಷೆಗೊಳಗಾದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಒಂದು ಸಲವಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಈ ಭಾಗವನ್ನು ಎಲ್ಲರೂ ಉದ್ಧರಿಸುತ್ತಾರೆ. ಎರಡನೆಯ ಭಾಗ ಅದಕ್ಕಿಂತ ಮುಖ್ಯ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯುತ್ತರ ಹೇಳಿದಾಗ ಹೀಗೆ ಮಣಿಯುವುದು ಕಾಲು ಭಾಗಕ್ಕೆ ಇಳಿಯಿತು. ಎಲ್ಲರೂ ಬದಲಾಗಬೇಕಾಗಿರಲಿಲ್ಲ, ಒಬ್ಬ ಜೊತೆಗಿದ್ದರೆ ಸಾಕಾಗಿತ್ತು. ಕರ್ಣ ಗದರಿಸಿದ ಮೇಲೆ ವಿಕರ್ಣನ ಬೆನ್ನಿಗೆ ಬಾರದೆ ಹೋದ ಆ ಎರಡನೆಯವನು ನನಗೆ ನೆನಪಾಗುವುದು ಇಲ್ಲಿ.

ಇದನ್ನೆಲ್ಲ ಬೇರೆಯವರಿಗೆ ಬೋಧನೆಯಾಗಿ ಬರೆಯುವ ಅರ್ಹತೆ ನನಗಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನಿದ್ದ ಕಾಲೇಜೊಂದರಲ್ಲಿ ಸಹೋದ್ಯೋಗಿಯೊಬ್ಬರು ಮನೆಯವರ ವಿರೋಧದ ನಡುವೆ ಬೇರೆ ಜಾತಿಯವರನ್ನು ಮದುವೆಯಾದರು. ಅಧ್ಯಾಪಕರ ಕೊಠಡಿಯಲ್ಲಿ ಅವರಿಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಅವರು ಒಳಗೆ ಬಂದಾಗ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಅವರು ಹೋದ ಮೇಲೆ ಮುಂದುವರಿಯುತ್ತಿತ್ತು, ಅಷ್ಟೇ. ಉದ್ದನೆಯ ಮೇಜಿನ ಕೊನೆಯಲ್ಲಿ ಅವರ ಕುರ್ಚಿಯ ಎರಡೂ ಬದಿಯ ಕುರ್ಚಿಗಳು ಖಾಲಿ ಇರುತ್ತಿದ್ದವು. ಹಾಗೆ ಮಾಡಬೇಕೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ನನಗೆ ಅವರ ಮೇಲೆ ಗೌರವವಿತ್ತು. ಆ ಖಾಲಿ ಕುರ್ಚಿಯಲ್ಲಿ ಹೋಗಿ ಕೂರಬೇಕೆಂದು ಎಷ್ಟೋ ದಿನ ಅಂದುಕೊಂಡೆ, ನಾಳೆ ನಾಳೆ ಎನ್ನುತ್ತ ಕೂರಲಿಲ್ಲ. ಮರುವರ್ಷ ಅವರು ವರ್ಗ ಮಾಡಿಸಿಕೊಂಡು ಹೋದರು. ಬಹಳ ವರ್ಷಗಳ ಬಳಿಕ ಮೌಲ್ಯಮಾಪನ ಕೇಂದ್ರವೊಂದರಲ್ಲಿ ಭೇಟಿಯಾದಾಗ ಧೈರ್ಯ ಮಾಡಿ ಕ್ಷಮೆ ಕೇಳಿದೆ. ಅವರಿಗೆ ನನ್ನ ಮೇಲಾಗಲಿ ಬೇರೆ ಯಾರ ಮೇಲಾಗಲಿ ಕೋಪವಿರಲಿಲ್ಲ. ಆ ವರ್ಷದಿಂದ ಅವರು ನೆನಪಿಟ್ಟುಕೊಂಡದ್ದು ಒಬ್ಬರನ್ನು ಮಾತ್ರ. ನಮ್ಮ ಕಾಲೇಜಿನ ವಯಸ್ಸಾದ ಜವಾನ ಪ್ರತಿ ಮಧ್ಯಾಹ್ನ ನೀರಿನ ಲೋಟಗಳನ್ನು ತಂದಾಗ ಮೊದಲ ಲೋಟವನ್ನು ಅವರ ಮುಂದಿಟ್ಟು 'ಊಟ ಆಯ್ತಾ ತಾಯೀ' ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸುತ್ತಿದ್ದನಂತೆ. ಅದು ನನ್ನ ಕಿವಿಗೂ ಬಿದ್ದಿರಲೇಬೇಕು. ಎಷ್ಟು ನೆನಪಿಸಿಕೊಂಡರೂ ನನಗೆ ಆ ದನಿ ನೆನಪಾಗುತ್ತಿಲ್ಲ.

ತಮ್ಮಲ್ಲಿ ಎರಡು ಕೋರಿಕೆಗಳಿವೆ. ಊರಿನಿಂದ ಹೊರಗಿಟ್ಟ, ಮದುವೆಯ ಕಾರಣಕ್ಕೆ ಹಲ್ಲೆ ಮಾಡಿದ, ಒಂದು ಕುಟುಂಬದೊಡನೆ ಮಾತು ಬಿಟ್ಟ ಸುದ್ದಿಗಳು ತಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತವೆ. ಅವುಗಳಲ್ಲಿ ಎರಡು ಕಡೆಯವರ ಹೇಳಿಕೆಯೂ ಪೊಲೀಸರ ಹೇಳಿಕೆಯೂ ಇರುತ್ತವೆ. ತಮ್ಮ ವರದಿಗಾರರು ಇನ್ನೊಂದು ಪ್ರಶ್ನೆಯನ್ನೂ ಕೇಳುವಂತಾಗಲಿ: ಆ ಹೊತ್ತಿಗೆ ಅಲ್ಲಿದ್ದ ಉಳಿದವರು ಏನು ಮಾಡಿದರು, ಗುಟ್ಟಾಗಿಯಾದರೂ ಒಂದು ಕೊಡ ನೀರು ಕೊಟ್ಟವರು ಇದ್ದರೇ? ಅಂಥವರಿಗೆ ತೊಂದರೆಯಾಗದಂತೆ ಹೆಸರು ಮರೆಮಾಡಿಯೇ ಬರೆಯಿರಿ, ಆದರೆ ಅಂಥವರಿದ್ದರು ಎಂಬುದು ಅಚ್ಚಾಗಲಿ, ಮುಂದಿನ ಊರಿನಲ್ಲಿ ಎದ್ದು ನಿಲ್ಲಬೇಕೆಂದುಕೊಂಡವನಿಗೆ ಅದು ಜೊತೆಗಾರನಾಗುತ್ತದೆ. ಇನ್ನೊಂದು ಕೋರಿಕೆ, ಪಠ್ಯ ಮತ್ತು ಪರೀಕ್ಷೆಗಳ ಹೊಣೆ ಹೊತ್ತ ನನ್ನ ವೃತ್ತಿಬಾಂಧವರಿಗೆ ತಮ್ಮ ಪತ್ರಿಕೆಯ ಮೂಲಕ ತಲುಪಬೇಕಾದದ್ದು. ಈ ವರ್ಷದ ಪ್ರಶ್ನೆಪತ್ರಿಕೆಯಲ್ಲಿ ದ್ರೌಪದಿಯ ಪಾತ್ರಚಿತ್ರಣದ ಜಾಗದಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಹತ್ತು ಅಂಕಗಳಿಗೆ ಒಮ್ಮೆ ಕೇಳಿ ನೋಡಿ. ಮಕ್ಕಳು ಬರೆದು ಕಳಿಸುವ ಉತ್ತರಗಳಲ್ಲಿ ಕೆಲವನ್ನಾದರೂ ಈ ಪತ್ರಿಕೆಯಲ್ಲಿ ಓದುವ ಅವಕಾಶವಾದರೆ ನನ್ನಂಥ ಎಷ್ಟೋ ಅಧ್ಯಾಪಕರು ಕೃತಜ್ಞರಾಗಿರುತ್ತೇವೆ.

ಇಂತು ತಮ್ಮ ವಿಶ್ವಾಸಿ,

ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ